ಮಂಚಯ್ಯನ ಹದಿನೈದು ಕುರಿ

"ಇವು ನನ್ನ ಕುರಿ ಅಲ್ಲ ಕಣ್ಲಾ," ಎಂದು ಮಂಚಯ್ಯ ಮೂರನೇ ಸಲ ಹೇಳಿದ.

ಬೋರಲಿಂಗಯ್ಯ ಕುಂಚ ಕೆಳಗಿಟ್ಟ. ಚನ್ನಪಟ್ಟಣದ ಅವನ ಬೊಂಬೆ ಅಂಗಡಿಯ ಹಲಗೆಯ ಮೇಲೆ ಹುಲಿ-ಕುರಿ ಆಟದ ಕಾಯಿಗಳು ಒಣಗುತ್ತಿದ್ದವು. ಹೆಬ್ಬೆರಳೆತ್ತರದ ಹದಿನೈದು ಮರದ ಕುರಿ, ಮೂರು ಹುಲಿ. ಮಾಗಡಿ ಹತ್ತಿರದ ಕಲ್ಯದ ಮಂಚಯ್ಯ ಅವನ ಬಾಲ್ಯದ ಗೆಳೆಯ. ರೇಷ್ಮೆಗೆ ಬೆಲೆ ಬಂದು ಊರಿಗೆ ಊರೇ ಹಿಪ್ಪುನೇರಳೆ ನೆಟ್ಟಾಗ ಅವನೂ ಮಂದೆ ಮಾರಿ ಹುಳು ಮನೆ ಕಟ್ಟಿಸಿದ್ದ. ಮನೆಯಲ್ಲೀಗ ಹುಳು ಸೊಪ್ಪು ಮೇಯುವ ಸದ್ದು ಬಿಟ್ಟರೆ ಬೇರೆ ದನಿಯಿಲ್ಲ, ನನ್ನ ಕುರಿಗಳನ್ನು ಇದ್ದ ಹಾಗೇ ಮಾಡಿಕೊಡು, ಆಡುವ ನೆಪದಲ್ಲಾದರೂ ಕಣ್ಣ ಮುಂದಿರುತ್ತವೆ ಎಂದು ಕೇಳಿಕೊಂಡವನೂ ಅವನೇ.

ಮೊದಲ ಸಲ ಬಂದಾಗ ಕಾಲು ದಪ್ಪವಾಯಿತೆಂದ. ಬೋರಲಿಂಗಯ್ಯ ಕೆತ್ತಿ ತೆಳ್ಳಗೆ ಮಾಡಿದ. ಎರಡನೇ ಸಲ ಉಣ್ಣೆ ಸೋಪು ಹಾಕಿ ತೊಳೆದಂತಿದೆಯೆಂದ. ಬೋರಲಿಂಗಯ್ಯ ಒಂದೊಂದಕ್ಕೂ ಕೆಮ್ಮಣ್ಣಿನ ಬಣ್ಣ ತಟ್ಟಿದ.

ಬೋರಲಿಂಗಯ್ಯ: ಇದ್ಯಾವುದು, ಹೇಳು.

ಮಂಚಯ್ಯ: ಕರಿಮೂತಿ.

ಬೋರಲಿಂಗಯ್ಯ: ಈ ಕಿವಿ ಹರಿದದ್ದು?

ಮಂಚಯ್ಯ: ಬೇಲಿಗೆ ಸಿಕ್ಕಾಕ್ಕೊಂಡಿತ್ತಲ್ಲ, ಅದು.

ಬೋರಲಿಂಗಯ್ಯ: ಎಲ್ಲಾದ್ರ ಗುರುತೂ ಹತ್ತೈತೆ. ಆದ್ರೂ ನಿನ್ನವಲ್ಲ.

ಮಂಚಯ್ಯ: ಅಲ್ಲ.

ಬೋರಲಿಂಗಯ್ಯ: ಒಸಿ ಬೆಳಕಿಗೆ ಬಂದು ನೋಡ್ಲಾ. ಸಾಕಿದೋನು ನೀನೋ ನಾನೋ?

ಮಂಚಯ್ಯ ಒಂದನ್ನು ಎತ್ತಿ ತಿರುಗಿಸಿದ. ಬೆನ್ನ ಮೇಲೆ ಅಚ್ಚುಕಟ್ಟಾದ ಕೆಂಪು ಪಟ್ಟೆ. ಬೋರಲಿಂಗಯ್ಯನಿಗೆ ಆ ಪಟ್ಟೆಯ ಬಗ್ಗೆಯೇ ಎಲ್ಲಕ್ಕಿಂತ ಹೆಚ್ಚು ಹೆಮ್ಮೆಯಿತ್ತು. ಮಾಗಡಿ ಸಂತೆಗೆ ಮಂದೆ ಹೊಡೆದುಕೊಂಡು ಹೋದ ದಿನ ಅವನೂ ಜೊತೆಗಿದ್ದ. ಕಂಡದ್ದನ್ನು ಮರೆಯುವ ಕಣ್ಣಲ್ಲ ಅವನದು.

ಬೋರಲಿಂಗಯ್ಯ: ಸಂತೇಲಿ ಎಲ್ಲಾದರ ಬೆನ್ನ ಮೇಲೂ ಇತ್ತು. ನಾನೇ ನೋಡಿವ್ನಿ.

ಮಂಚಯ್ಯ: ಇತ್ತು. ಕೊಂಡ್ಕೊಂಡೋನು ಹಾಕಿದ್ದು ಕಣ್ಲಾ ಅದು. ಅದ ಬಳಿದ್ಮೇಲೆ ಅವು ಅವನವು.

ಬೋರಲಿಂಗಯ್ಯ ಟರ್ಪೆಂಟೈನ್ ಬಟ್ಟೆ ತೆಗೆದುಕೊಂಡು ಒಂದೊಂದರ ಬೆನ್ನನ್ನೂ ಒರೆಸತೊಡಗಿದ. ಕೆಂಪು ಹೋದದ್ದನ್ನು ಮಂಚಯ್ಯ ಒಂದೊಂದಾಗಿ ಈಚೆ ಸರಿಸಿಕೊಂಡ, ಸಂಜೆ ಹಟ್ಟಿಗೆ ಕೂಡುವಾಗ ಎಣಿಸುತ್ತಿದ್ದ ಹಾಗೆ. ಹದಿನೈದೂ ಬಂದ ಮೇಲೆ ಅವನ ಮುಖ ಸಡಿಲವಾಯಿತು. ಒಂದು ಆಟ ಆಡೇಬಿಡೋಣ ಎಂದ.

ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಮನೆ ಬರೆದರು. ಹುಲಿಗಳು ಬೋರಲಿಂಗಯ್ಯನವು. ನಾಲ್ಕೇ ನಡೆಗೆ ಅವನ ಹುಲಿ ಒಂದು ಕುರಿಯನ್ನು ಹಾರಿ ತಿನ್ನಲು ಎದ್ದಿತು. ಮಂಚಯ್ಯನ ಅಂಗೈ ಅಡ್ಡ ಬಂತು.

ಮಂಚಯ್ಯ: ಅದು ಬ್ಯಾಡ. ಗಬ್ಬ ಆಗೈತೆ.

ಬೋರಲಿಂಗಯ್ಯ: ಸರಿ, ಈ ಕರಿಮೂತೀನ.

ಮಂಚಯ್ಯ: ಮುದುಕಿ ಕಣ್ಲಾ, ಬುಟ್ಬುಡು.

ಬೋರಲಿಂಗಯ್ಯ: ಕಿವಿ ಹರಿದದ್ದು?

ಮಂಚಯ್ಯ: ಅದು ಮೊದ್ಲೇ ನೊಂದೈತೆ.

ಬೋರಲಿಂಗಯ್ಯ ಹುಲಿಯನ್ನು ಕೈಯಲ್ಲೇ ಹಿಡಿದುಕೊಂಡು ಕೂತ.

ಬೋರಲಿಂಗಯ್ಯ: ಮತ್ತೆ ನನ್ನ ಹುಲಿ ಏನ್ಲಾ ತಿನ್ನಬೇಕು?

ಮಂಚಯ್ಯ: ಹಿಪ್ನೇರಳೆ ಸೊಪ್ಪು ತಂದಾಕ್ತೀನಿ. ಮನೆ ತುಂಬ ಹುಳಕ್ಕೆ ಹಾಕೋನ್ಗೆ ಇನ್ನು ಮೂರು ಬಾಯಿ ಹೆಚ್ಚಾ?