ಅವ್ವನ ಹಾಡು, ಹಳೇ ಕಂಪ್ಯೂಟರು, ನನ್ನ ಬಾಯಿ

ಬೇರೆಯವರ ಮನೇಲಿ ಕಂಪ್ಯೂಟರ್ ಕೆಟ್ರೆ ರಿಪೇರಿ ಆಗುತ್ತೆ. ನಮ್ಮನೇಲಿ ಕೆಟ್ರೆ ನನ್ನ ಮರ್ಯಾದೆ ಹೋಗುತ್ತೆ. ಮಿಕ್ಸಿ ಬಂದಾಗಲೂ ಹೀಗೇ ಆಯ್ತು, ಗೀಸರ್ ಬಂದಾಗಲೂ ಹೀಗೇ ಆಯ್ತು. ಯಲಹಂಕದ ಹಳೇ ಊರಲ್ಲಿ ನಮ್ಮ ಬೀದಿಯವರಿಗೆ ಟೀವಿ ಧಾರಾವಾಹಿ ಯಾಕೆ ಬೇಕು ಹೇಳಿ, ನಾನಿದ್ದೀನಲ್ಲ.

ಈ ಸಲ ಆಗಿದ್ದು ಒಂದು ಕ್ಯಾಸೆಟ್ಟಿಂದ. ನಮ್ಮವ್ವ ರಾಗಿ ಬೀಸೋ ಪದ ಹಾಡಿದ್ದ ಕ್ಯಾಸೆಟ್ಟು ಅದು. ಅವ್ವ ಹೋಗಿ ಎಷ್ಟೋ ವರ್ಷ ಆಯ್ತು, ಅವಳ ದನಿ ಅಂತ ಇರೋದು ಅದೊಂದೇ. ಹಾಡಿನ ಮಧ್ಯೆ ಅವಳು ಕೆಮ್ಮಿದ್ದು, ಕೋಳಿ ಓಡಿಸಿದ್ದು, ನಮ್ಮನ್ನ ಬೈದಿದ್ದು ಎಲ್ಲ ಅದರಲ್ಲಿದೆ. ಹೆಸರಘಟ್ಟದಲ್ಲಿರೋ ನಮ್ಮಕ್ಕ ಒಂದಿನ ಫೋನ್ ಮಾಡಿ, "ಈ ಸಲ ಪಿತೃಪಕ್ಸದಲ್ಲಿ ನಿಮ್ಮನೇಲಿ ಅವ್ವಂಗೆ ಎಡೆ ಇಡ್ತೀಯಲ್ಲ, ಅವತ್ತು ಆ ಆಡು ಆಕೇ. ಇನ್ನೊಂದ್ ವರ್ಸ ನಾನಿರ್ತೀನೋ ಇಲ್ವೋ" ಅಂದಳು. ಅಕ್ಕ ಹತ್ತು ವರ್ಷದಿಂದ ಹೀಗೇ ಅಂತಿದ್ದಾಳೆ. ಆದರೂ ಫೋನಿಟ್ಟ ಕೂಡಲೇ ಅಟ್ಟದಿಂದ ಟೇಪ್ ರೆಕಾರ್ಡರ್ ಇಳಿಸಿದೆ.

ಕ್ಯಾಸೆಟ್ ಹಾಕಿ ನೋಡಿದೆ. ಅವ್ವ ನೀರೊಳಗೆ ಕೂತು ಹಾಡಿದ ಹಾಗೆ ಕೇಳಿಸ್ತು. ರೀಲು ಸವೆದುಹೋಗಿತ್ತು. ನಮ್ಮ ಮೇಲ್ಗಡೆ ಮನೇಲಿ ಧಾರವಾಡದ ಕಡೆ ಹೆಂಗಸು ಬಾಡಿಗೆಗಿದ್ದಾಳೆ, ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಕೆಲಸ. ನಾವೆಲ್ಲ ಲ್ಯಾಬ್ ಮೇಡಂ ಅಂತೀವಿ. ಅವಳು ನೋಡಿ, "ಇದು ಭಾಳ ದಿನ ಬಾಳೂದಿಲ್ರೀ ಅಮ್ಮಾರ. ಹಾಡು ಫೋನಿಗೆ ಹಾಕ್ಕೊಂಡ್ ಬಿಡ್ರಿ" ಅಂದಳು.

ನನ್ನ ಮೊದಲನೇ ಫೋನು ನೀರಿನ ಸಂಪಿಗೆ ಬಿತ್ತು. ಎರಡನೇದು ಸೀರೆ ಜೊತೆ ವಾಷಿಂಗ್ ಮೆಷಿನ್ನಿಗೆ ಹೋಯ್ತು. ಅವ್ವನ್ನೂ ಸಂಪಿಗೆ ಹಾಕೋಕೆ ನನಗೆ ಮನಸ್ಸಿಲ್ಲ ಅಂದೆ. ಮೊಮ್ಮಗಳು ಓದುವಾಗ ತಂದಿದ್ದ ಕಂಪ್ಯೂಟರ್ ಒಂದು, ತಲೆ ಮೇಲೆ ಪುಟ್ಟ ಕ್ಯಾಮೆರಾ ಸಮೇತ, ಮೂಲೇಲಿತ್ತು. ಅವಳು ಮದುವೆಯಾಗಿ ಆರ್.ಟಿ. ನಗರಕ್ಕೆ ಹೋದಮೇಲೆ ನಾನು ಅದಕ್ಕೆ ಬಟ್ಟೆ ಹೊದಿಸಿ, ಮೇಲೊಂದು ಹೂದಾನಿ ಇಟ್ಟಿದ್ದೆ. "ಅದಕ್ಕೇ ಹಾಕಮ್ಮ, ಅದು ಸಂಪಿಗೆ ಬೀಳಲ್ಲ" ಅಂದೆ.

ಕಂಪ್ಯೂಟರಿನ ಓದು

ಲ್ಯಾಬ್ ಮೇಡಂ ಅದನ್ನ ಚಾಲೂ ಮಾಡಿದಳು. ನಾನು ಅನ್ನಕ್ಕಿಟ್ಟು, ಸಾರು ಮಾಡಿ, ಒಗ್ಗರಣೆ ಹಾಕಿ ಬಂದೆ. ಅದಿನ್ನೂ ಕಣ್ಣು ಬಿಡ್ತಾ ಇತ್ತು.

"ಭಾಳ ಹಳೇದಾಗೇತ್ರೀ. ಇದಕ್ಕ ಎಸ್ಸೆಸ್ಡಿ ಹಾಕ್ಸಬೇಕು. ಹಾಡು ಇಡಾಕ ಜಾಗಾನೂ ಆಗ್ತದ, ಜಲ್ದೀನೂ ಆಗ್ತದ" ಅಂದಳು.

ನನಗೆ ಕೇಳಿಸಿದ್ದು ಎಸ್ಸೆಸ್ಸೆಲ್ಸಿ. ನಾನು ನಾಲ್ಕನೇ ಕ್ಲಾಸಿಗೇ ಸ್ಲೇಟು ಒಡೆದು ಮನೆಗೆ ಬಂದವಳು. ಹಾಡು ಹಾಡೋ ಡಬ್ಬಕ್ಕೆ ಅಷ್ಟೊಂದು ಓದು ಯಾಕಪ್ಪ ಅನ್ನಿಸಿದರೂ ಬಾಯಿ ಬಿಡಲಿಲ್ಲ. ಬಾಯಿ ಬಿಟ್ಟರೆ ದಡ್ಡಿ ಅಂತ ಗೊತ್ತಾಗುತ್ತಲ್ಲ. ಮಾರನೇ ದಿನ ಯಜಮಾನರ ಜೊತೆ ಬಸ್ ಹತ್ತಿ ಯಶವಂತಪುರಕ್ಕೆ ಹೋದೆ. ಒಂದು ಕಂಪ್ಯೂಟರ್ ಅಂಗಡಿ ಮುಂದೆ ನಿಂತು ಗತ್ತಿನಿಂದಲೇ ಕೇಳಿದೆ: "ಏನಪ್ಪ, ಎಸ್ಸೆಸ್ಸೆಲ್ಸಿ ಇದೆಯಾ?"

ಅಂಗಡಿಯವನಿಗೆ ನನ್ನ ವಯಸ್ಸಿನ ಮೇಲೆ ಬಹಳ ಗೌರವ ಬಂತು. ಎದ್ದು ನಿಂತು ಕೈ ತೋರಿಸಿದ. "ಟ್ಯುಟೋರಿಯಲ್ ಸೆಕೆಂಡ್ ಫ್ಲೋರ್ ಅಮ್ಮ. ನಿಧಾನ ಹತ್ತಿ, ಈ ವಯಸ್ಸಲ್ಲೂ ಓದಬೇಕು ಅಂತಿದ್ದೀರಲ್ಲ, ದೊಡ್ಡದು."

ನಾನು ಒಂದು ಮಹಡಿ ಹತ್ತಿದ ಮೇಲೆ ಯಜಮಾನರು ಕೆಳಗಿಂದ ಕೂಗಿದರು, "ಸ್ಲೇಟ್ ತರ್ಲೇನೇ?"

ಪೇಸ್ಟು

ಕೊನೆಗೆ ಲ್ಯಾಬ್ ಮೇಡಂ ತಾನೇ ತಂದಳು. ಎಸ್ಸೆಸ್ಡಿ ಅಂದ್ರೆ, ಕಂಪ್ಯೂಟರು ಎಲ್ಲ ತುಂಬಿಡೋ ಅಂಗೈಯಷ್ಟು ಒಂದು ಬಿಲ್ಲೆ. ಅದನ್ನ ಹಾಕೋಕೆ ಲ್ಯಾಬ್ ಮೇಡಂ ಡಬ್ಬದ ಮುಚ್ಚಳ ತೆಗೆದಳು. ಒಳಗೆ ಧೂಳು, ಎರಡು ಜಿರಳೆ, ಒಂದು ನನ್ನ ಸೇಫ್ಟಿ ಪಿನ್ನು. ಫ್ಯಾನಿನ ಕೆಳಗೆ ಬೆಳ್ಳಿ ಬಣ್ಣದ ಗಟ್ಟಿಯೊಂದನ್ನ ತೋರಿಸಿ, "ಇದರ ಬುಡಕಿನ ಪೇಸ್ಟ್ ಒಣಗೇತ್ರೀ ಅಮ್ಮಾರ, ಅದಕ್ಕ ಭಾಳ ಬಿಸಿ ಆಗಾಕತ್ತೈತಿ. ಸಂಜೀಕ ಬಂದು ಹೊಸಾ ಪೇಸ್ಟ್ ಹಚ್ಚತೀನಿ" ಅಂದು ಕಾಲೇಜಿಗೆ ಹೋದಳು.

ಪಾಪ, ದಿನವೆಲ್ಲ ನಿಂತು ಕೆಲಸ ಮಾಡಿ ಬರೋಳು, ಪೇಸ್ಟ್ ಹಚ್ಚೋಕೆ ಅವಳೇ ಬೇಕಾ? ಬಚ್ಚಲುಮನೆಯಿಂದ ಲವಂಗದ ಪೇಸ್ಟ್ ತಂದೆ. ಗಟ್ಟಿಯ ಸುತ್ತ ಬೆರಳಲ್ಲಿ ನೀಟಾಗಿ ಸವರಿದೆ. ಮಿಕ್ಕಿದ್ದನ್ನ ಫ್ಯಾನಿನ ರೆಕ್ಕೆಗೂ ಒರೆಸಿದೆ. ತಣ್ಣಗಿರಲಿ ಅಂತ.

ಸಂಜೆ ಅವಳು ಬಾಗಿಲಲ್ಲೇ ನಿಂತು ಮೂಗು ಅರಳಿಸಿದಳು. ಒಳಗೆ ಬಗ್ಗಿ ನೋಡಿದಳು. "ಅಮ್ಮಾರ, ಈ ಕಂಪ್ಯೂಟರಿನ ಹಲ್ಲು ಯಾರ್ ತಿಕ್ಕ್ಯಾರ್ರೀ?"

ಪೇಪರ್ ಹಿಂದಿನಿಂದ ಯಜಮಾನರ ದನಿ ಬಂತು. "ಮದುವೆಯಾದಾಗಿಂದ ನನ್ನ ಬ್ರಶ್ಶಿಗೆ ಒಂದು ದಿನ ಪೇಸ್ಟ್ ಹಾಕಿಕೊಟ್ಟಿಲ್ಲ ನೋಡಮ್ಮ. ಅದರ ಪುಣ್ಯ."

ಗೌರಿ

ಹತ್ತಿ, ಬಟ್ಟೆ ಎಲ್ಲ ತಗೊಂಡು ಆ ಪೇಸ್ಟನ್ನ ಒರೆಸೋಕೆ ಎರಡು ದಿನ ಹಿಡೀತು. ಆಮೇಲೆ ಹಳೇದರಿಂದ ಹೊಸದಕ್ಕೆ ಎಲ್ಲಾ ತುಂಬಿಸುವಾಗ ಲ್ಯಾಬ್ ಮೇಡಂ ಒಂದು ಕಡೆ ಕೈ ನಿಲ್ಲಿಸಿದಳು. "ಅರ್ಧ ಜಾಗಾ ಒಂದ ಫೋಲ್ಡರ್ ತಿಂದೇತಲ್ರೀ. 'ಗೌರಿ' ಅಂತ ಹೆಸರೈತಿ. ಬರೇ ಫೋಟೋ."

"ಯಾರದ್ದು?"

"ಅಜ್ಜಾರು ಫೋನಿಂದ ಹಾಕ್ಸಿದ್ದು ಕಾಣ್ತದ್ರೀ. ಅವರನ್ನ ಕೇಳಲಾರದ ನಾ ತೆಗಿಯೂದಿಲ್ಲ" ಅಂತ ಎದ್ದೇಬಿಟ್ಟಳು. ನನಗೆ ತೆಗೆಯೋಕೆ ಬರಲ್ಲ. ಯಜಮಾನರು ಮನೇಲಿಲ್ಲ. ಅವತ್ತು ಮಂಗಳವಾರ. ಪ್ರತಿ ಮಂಗಳವಾರ ಅವರು ಇಸ್ತ್ರಿ ಶರ್ಟು ಹಾಕ್ಕೊಂಡು ಬ್ಯಾಂಕಿಗೆ ಅಂತ ಹೋಗಿ ಸಂಜೆಗೆ ಬರ್ತಾರೆ. ಎಂಥ ಬ್ಯಾಂಕು ಅಂತ ನಾನು ಒಂದು ದಿನ ಕೇಳಿದವಳಲ್ಲ! ಬೀದಿಯವರ ಗಂಡಂದಿರೆಲ್ಲ ಯಾವ ಬಸ್ ಹತ್ತಿ ಎಲ್ಲಿ ಇಳೀತಾರೆ ಅಂತ ನನಗೆ ಬಾಯಿಪಾಠ. ನಮ್ಮನೇದು ಮಾತ್ರ ಗೊತ್ತಿಲ್ಲ.

ತಡೆಯೋಕಾಗಲಿಲ್ಲ. ಎದುರುಮನೆಯವಳ ಹತ್ತಿರ ಹೇಳಿದೆ, ಯಾರಿಗೂ ಹೇಳಬೇಡ ಅಂದೆ. ಮೂಲೆಮನೆಯವಳ ಹತ್ತಿರ ಹೇಳಿದೆ, ಅವಳಿಗೆ ಆಗಲೇ ಗೊತ್ತಿತ್ತು. ಹೂವಿನವಳ ಹತ್ತಿರ ಹೋಗೋಷ್ಟರಲ್ಲಿ ಗೌರಿಗೆ ಎರಡು ಮಕ್ಕಳು ಅಂತ ಅವಳೇ ನನಗೆ ಹೇಳಿದಳು.

ಸಂಜೆ ಯಜಮಾನರು ಚಪ್ಪಲಿ ಬಿಡೋ ಮೊದಲೇ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತೆ. "ಯಾರ್ರೀ ಅವಳು ಗೌರಿ?"

ಮುಖ ಸ್ವಲ್ಪ ಕೆಂಪಾಯ್ತು. "ಓ, ಗೊತ್ತಾಯ್ತಾ?"

"ನನ್ನಲ್ಲಿ ಇಲ್ಲದ್ದು ಅವಳಲ್ಲೇನಿದೆ?"

"ಅವಳು ಮಾತಾಡಲ್ಲ ಕಣೇ" ಅಂದರು.

ಗೊಳೋ ಅಂತ ಅತ್ತುಬಿಟ್ಟೆ. ಮೇಲಿಂದ ಲ್ಯಾಬ್ ಮೇಡಂ ಓಡಿ ಬಂದಳು. ಯಜಮಾನರೇ ಕೂತು ಫೋಟೋ ತೆಗೆದು ತೋರಿಸಿದರು. ಗೌರಿ ನಮ್ಮಕ್ಕನ ಮನೆ ಕೊಟ್ಟಿಗೆಯ ಹೊಸ ಹಸು. ಹೆಸರಘಟ್ಟಕ್ಕೆ ಹೋಗ್ತೀನಿ ಅಂದ್ರೆ ನಾನೂ ಜೊತೆಗೆ ಹೊರಡ್ತೀನಿ, ಹೋದ್ರೆ ದಾರಿಯುದ್ದಕ್ಕೂ ಮಾತಾಡ್ತೀನಿ ಅಂತ ಬ್ಯಾಂಕಿನ ಹೆಸರು ಹೇಳ್ತಿದ್ದರಂತೆ. ಮೊಮ್ಮಗಳು ಬಂದಾಗೆಲ್ಲ ನನ್ನ ಕಣ್ಣು ತಪ್ಪಿಸಿ, ಅವಳ ಕೈಲಿ ಫೋಟೋ ಹಾಕಿಸ್ತಿದ್ದರಂತೆ. ಗೌರಿ ಹುಲ್ಲು ತಿಂತಿರೋದು, ಗೌರಿ ಮಲಗಿರೋದು, ಗೌರಿ ಎರಡು ಕರುಗಳ ಜೊತೆ ಇರೋದು. ಹೂವಿನವಳು ಹೇಳಿದ್ದು ಅಷ್ಟು ಮಟ್ಟಿಗೆ ನಿಜ.

ನನ್ನ ಫೋಟೋನೂ ಒಂದಿತ್ತು, ಒಂದ್ಸಲ ಅಕ್ಕನ ಮನೆಗೆ ಹೋದಾಗ ತೆಗೆದದ್ದು. ಹಸು ಹಿಂದೆ ನಿಂತಿದ್ದೀನಿ. ಅರ್ಧ ಕಾಣಿಸ್ತೀನಿ.

ಕೆಂಪು ಚುಕ್ಕಿ

ಕೊನೆಗೆ ಹಾಡು ತುಂಬಿಸೋ ದಿನ ಬಂತು. ಲ್ಯಾಬ್ ಮೇಡಂಗೆ ಕಾಲೇಜಲ್ಲಿ ಪರೀಕ್ಷೆ ಡ್ಯೂಟಿ. ಹಿಂದಿನ ಸಂಜೆಯೇ ಟೇಪ್ ರೆಕಾರ್ಡರಿನಿಂದ ಕಂಪ್ಯೂಟರಿಗೆ ಒಂದು ವೈರ್ ಸಿಕ್ಕಿಸಿ, ನನಗೆ ಪಾಠ ಹೇಳಿಕೊಟ್ಟಳು. "ಕೆಂಪ ಚುಕ್ಕಿ ಒತ್ತರಿ, ಟೇಪ್ ಹಚ್ಚರಿ, ಮುಗಿದ ಮ್ಯಾಲ ಚೌಕ ಒತ್ತರಿ. ಅಷ್ಟ. ವೈರ್ ಮಾತ್ರ ಮುಟ್ಟಬ್ಯಾಡ್ರಿ."

ಹಚ್ಚೋದು ಅಂದ್ರೆ ಬೆಂಕಿಯೂ ಅಲ್ಲ, ಲವಂಗದ ಪೇಸ್ಟೂ ಅಲ್ಲ, ಅವರ ಕಡೆ ಶುರು ಮಾಡೋದು ಅಂತ ಅಷ್ಟೊತ್ತಿಗೆ ಕಲಿತಿದ್ದೆ. ಚುಕ್ಕಿ ಒತ್ತಿದೆ. ಟೇಪ್ ಹಚ್ಚಿದೆ. ಸದ್ದೇ ಇಲ್ಲ! ರೀಲು ತಿರುಗ್ತಾ ಇದೆ, ಅವ್ವ ಮಾತ್ರ ಇಲ್ಲ. ವೈರ್ ಕಿತ್ತೆ. ತಕ್ಷಣ ಅವ್ವ ಹಾಡೋಕೆ ಶುರು ಮಾಡಿದಳು. ನೋಡಿ, ಓದಿದವರಿಗೂ ತಪ್ಪಾಗುತ್ತೆ ಅಂದುಕೊಂಡು, ನನ್ನ ಬುದ್ಧಿಗೆ ನಾನೇ ಭೇಷ್ ಅಂದುಕೊಂಡೆ.

ಅಷ್ಟರಲ್ಲಿ ಎದುರುಮನೆಯವಳು ಕರಿಬೇವು ಕೇಳಿಕೊಂಡು ಬಂದಳು. ಮನೆಗೆ ಬಂದವರನ್ನ ಮಾತಾಡಿಸದೆ ಕಳಿಸೋಕಾಗುತ್ತಾ?

ಅರ್ಧ ಗಂಟೆ ಆದಮೇಲೆ ಚೌಕ ಒತ್ತಿದೆ. ಇನ್ನೊಂದು ಸಲ ಕೇಳೋಣ ಅಂತ ಕ್ಯಾಸೆಟ್ ಹಿಂದಕ್ಕೆ ತಿರುಗಿಸಿದರೆ, ಟೇಪ್ ರೆಕಾರ್ಡರು ಕರಕರ ಅಂತ ರೀಲನ್ನೇ ಅಗಿದು ನುಂಗಿತು. ಎಳೆದೆ, ಕಿತ್ತುಬಂತು. ಆದರೂ ನಾನು ಅಳಲಿಲ್ಲ. ಕಂಪ್ಯೂಟರಲ್ಲಿ ಭದ್ರವಾಗಿದೆಯಲ್ಲ! ಯಜಮಾನರು ಆ ರೀಲನ್ನ ತಾರಸಿ ಮೇಲೆ ಸಂಡಿಗೆ ಒಣಹಾಕಿದ ಕಡೆ ಪಾರಿವಾಳ ಬರದ ಹಾಗೆ ಉದ್ದಕ್ಕೆ ಕಟ್ಟಿದರು.

ಸಂಜೆ ಲ್ಯಾಬ್ ಮೇಡಂ, "ಒಮ್ಮೆ ಕೇಳಿ ನೋಡೂಣೇನ್ರೀ?" ಅಂದಳು.

"ಬೇಡ. ಮೊದಲು ನಮ್ಮಕ್ಕ ಕೇಳಬೇಕು" ಅಂದೆ. ಅವತ್ತು ನನ್ನ ನಾಲಿಗೆ ಮೇಲೆ ಶನಿಯೇ ಕೂತಿದ್ದ.

ಎಡೆ ದಿನ

ಅವ್ವನಿಗೆ ಇಷ್ಟವಾದ ಮುದ್ದೆ, ಅವರೆಕಾಳು ಸಾರು, ವಡೆ, ಪಾಯಸ ಎಲ್ಲ ಎಲೆಗೆ ಬಡಿಸಿ, ಹೊಸ ಸೀರೆ ಇಟ್ಟು, ದೀಪ ಹಚ್ಚಿದೆ. ನಮ್ಮ ಕಡೆ ಹಚ್ಚೋದು, ಬೆಂಕಿಕಡ್ಡಿಯಲ್ಲಿ. ಅಕ್ಕ ಬಂದಳು. ಅವಳಿಗೆ ಕಿವಿ ಮಂದ, ಅದಕ್ಕೇ ಹೊಸ ಸ್ಪೀಕರಿನ ಪಕ್ಕದಲ್ಲೇ ಕುರ್ಚಿ ಹಾಕಿದೆ. ಎದುರುಮನೆಯವಳು, ಮೂಲೆಮನೆಯವಳು ಕೈಮುಗಿದು ಕೂತರು. ಲ್ಯಾಬ್ ಮೇಡಂ ಒಂದು ಬಟನ್ ಒತ್ತಿ, ಪಾಯಸ ತರೋಕೆ ಅಡುಗೆಮನೆಗೆ ಹೋದಳು.

ಅವ್ವನ ದನಿ ಬಂತು. ದೂರದಿಂದ, ಬಾವಿಯೊಳಗಿಂದ ಬಂದ ಹಾಗೆ. ಅಕ್ಕ ಆಗಲೇ ಸೆರಗು ಕಣ್ಣಿಗೆ ಒತ್ತಿಕೊಂಡಳು.

ಅದರ ಮೇಲೆ ಇನ್ನೊಂದು ದನಿ ಬಂತು, ಮನೆ ಅದುರೋ ಹಾಗೆ: "ಅಯ್ಯೋ ಬಾರೇ, ಕರಿಬೇವು ಆಮೇಲೆ ಕೀಳೋಣ, ಕೂತ್ಕೋ. ಮೂಲೆಮನೆಯವಳ ಅಳಿಯನ ವಿಷ್ಯ ಗೊತ್ತಾಯ್ತಾ?"

ನನ್ನದೇ ದನಿ.

"ಇಲ್ವಲ್ಲ, ಏನಾಯ್ತು?" ಅಂತು ಸ್ಪೀಕರಿನಿಂದ ಎದುರುಮನೆಯವಳ ದನಿ. ಕುರ್ಚಿ ಮೇಲಿದ್ದ ಎದುರುಮನೆಯವಳು ಬಾಯಿಗೆ ಕೈ ಇಟ್ಟುಕೊಂಡಳು.

"ದುಬೈನಲ್ಲಿದ್ದಾನೆ ಅಂತಾಳಲ್ಲ! ನಾನೇ ನೋಡಿದೆ ಕಣೇ, ಹೆಬ್ಬಾಳದ ಬಸ್ ಸ್ಟಾಪಲ್ಲಿ ಕಡ್ಲೆಕಾಯಿ ತಿಂತಾ ನಿಂತಿದ್ದ!"

ನಾನು ಸ್ಪೀಕರಿನ ಗುಂಡಿ ಹಿಡಿದು ತಿರುಗಿಸಿದೆ. ಉಲ್ಟಾ ತಿರುಗಿಸಿದ್ದೆ. ಕಡ್ಲೆಕಾಯಿ ವಿಷಯ ಎರಡರಷ್ಟು ಜೋರಾಯ್ತು. "ಮೇಡಂ, ಬಾರಮ್ಮ!" ಅಂತ ಕೂಗಿದೆ. ಅವಳು ಪಾಯಸದ ಪಾತ್ರೆ ಹಿಡಿದೇ ಓಡಿ ಬಂದು ಹಿಂದೆ ಬಗ್ಗಿ ನೋಡಿದಳು. "ಅಮ್ಮಾರ, ವೈರ್ ಕಿತ್ತೀರೇನ್ರೀ? ಅದಕ್ಕ ಇದು ಕ್ಯಾಮೆರಾದ ಮೈಕ್ ಹಿಡಕೊಂಡೈತಿ. ಕೋಣ್ಯಾಗ ಆಡಿದ್ದೆಲ್ಲಾ ತುಂಬಿಕೊಂಡೈತಿ!"

"ನಿಲ್ಸಮ್ಮ ಮೊದ್ಲು!"

"ಬೇಡ, ಇರ್ಲಿ" ಅಂದರು ಯಜಮಾನರು, ಕುರ್ಚಿ ಮುಂದಕ್ಕೆ ಎಳೆದುಕೊಂಡು.

ನನ್ನ ದನಿ ಮುಂದುವರೀತು. "ನಮ್ಮಕ್ಕನ ಕಿವುಡೂ ಅಷ್ಟೇ ಕಣೇ, ಎಲ್ಲ ನಾಟ್ಕ. ಕೆಲಸ ಹೇಳಿದ್ರೆ ಕೇಳ್ಸಲ್ಲ. ಕೋಳಿ ಸಾರು ಅಂದ್ರೆ ಹೆಸರಘಟ್ಟದಲ್ಲಿ ಕೂತ್ಕೊಂಡೇ ಕೇಳ್ಸುತ್ತೆ."

ಅಕ್ಕ ಅಲ್ಲಾಡಲಿಲ್ಲ. ಮೂಲೆಮನೆಯವಳು ಎದ್ದು ನಿಂತು ಬ್ಯಾಗ್ ಹೆಗಲಿಗೆ ಹಾಕಿದಳು. ನನಗೆ ಅಳು ಉಕ್ಕಿ ಬಂತು. ಮರ್ಯಾದೆ ಹೋಗಲಿ, ಅದು ಯಾವತ್ತಿದ್ದರೂ ಹೋಗೋದೇ. ಅವ್ವನ ಹಾಡಿನ ಮೇಲೆ ನನ್ನ ಬಾಯಿ ಕೂತುಬಿಟ್ಟಿದೆಯಲ್ಲ! ರೀಲು ನೋಡಿದರೆ ತಾರಸಿ ಮೇಲೆ ಪಾರಿವಾಳ ಓಡಿಸ್ತಾ ಇದೆ.

ಸ್ಪೀಕರಿನಲ್ಲಿ ನಾನು ದನಿ ತಗ್ಗಿಸಿದೆ. "ಇನ್ನೊಂದು ವಿಷ್ಯ ಇದೆ, ಯಾರ್ಗೂ ಹೇಳ್ಬೇಡ..."

ಅಷ್ಟರಲ್ಲಿ ಹಿಂದೆ ನಡೀತಿದ್ದ ಹಾಡು ನಿಂತಿತು. ಬಾವಿಯೊಳಗಿಂದ ಅವ್ವನ ದನಿ ಎದ್ದು ಬಂತು:

"ಲೇ ಚಿಕ್ಕೋಳೇ! ಒಸಿ ಬಾಯ್ ಮುಚ್ಕೊಂಡಿರೇ! ಊರೋರ್ ಇಸ್ಯ ಎಲ್ಲಾ ನಿಂಗ್ಯಾಕೆ?"

ಆ ಕ್ಯಾಸೆಟ್ ಮಾಡುವಾಗ ಪಕ್ಕದಲ್ಲಿ ಕೂತು ಲೊಟಲೊಟ ಅಂತಿದ್ದವಳೂ ನಾನೇ. ಅವತ್ತು ಬೈದಿದ್ದು ಇವತ್ತಿಗೆ ಬಂದು ತಲುಪಿತು.

ಮೂಲೆಮನೆಯವಳು ಬಾಗಿಲ ಕಡೆ ಹೊರಟಿದ್ದವಳು ತಿರುಗಿದಳು. ಆಮೇಲೆ ಬ್ಯಾಗ್ ಬಿಟ್ಟು ನೆಲದ ಮೇಲೆ ಕೂತು, ಹೊಟ್ಟೆ ಹಿಡಿದು ನಕ್ಕಳು. ಎಡೆ ಕಡೆ ತಿರುಗಿ ಕೈಮುಗಿದು, "ಈ ಬೀದೀಲಿ ಇಷ್ಟು ದಿನ ಯಾರೂ ಹೇಳಿರಲಿಲ್ಲ ತಾಯಿ, ನೀವಾದ್ರೂ ಹೇಳಿದ್ರಿ" ಅಂದಳು. ಲ್ಯಾಬ್ ಮೇಡಂ ಕೈಯಲ್ಲಿದ್ದ ಪಾಯಸ ಅರ್ಧ ನೆಲಕ್ಕೆ ಹೋಯ್ತು.

ಇನ್ನೊಂದು ಆಶ್ಚರ್ಯ ಕೇಳಿ. ಅವ್ವ ಬೈದ ಮೇಲೆ ಸ್ಪೀಕರಿನಲ್ಲಿ ನನ್ನ ದನಿ ಇಲ್ಲ. ಕರಿಬೇವಿನ ದಿನ ಟೇಪಿನಿಂದ ಬೈಗುಳ ಬಂದ ಕೂಡಲೇ, ಎಪ್ಪತ್ತು ದಾಟಿದ ನಾನು ಅಭ್ಯಾಸಬಲದಿಂದ ತೆಪ್ಪಗಾಗಿದ್ದೆ. ಆಮೇಲೆ ಕೊನೇವರೆಗೂ ಅವ್ವ ಒಬ್ಬಳೇ ಹಾಡಿದ್ದಾಳೆ. ರಾಗಿ ಕಲ್ಲು ತಿರುಗೋ ಸದ್ದು ಸಮೇತ.

ಹಾಡು ಮುಗೀತು. ಅಕ್ಕ ಕಣ್ಣು ಒರೆಸಿಕೊಂಡು, ನನ್ನ ಕೈ ಹಿಡಿದುಕೊಂಡು ಹೇಳಿದಳು, "ಇನ್ನೊಂದ್ ಸಲ ಆಕೇ."

ನಾನು ಕಂಪ್ಯೂಟರ್ ಕಡೆ ತಿರುಗಿದೆ. "ಅವ್ವನ ಹಾಡು ತಾನೇ ಅಕ್ಕ? ಎಷ್ಟು ಸಲ ಬೇಕಾದ್ರೂ ಹಾಕ್ತೀನಿ."

"ಅವ್ವನ್ ಆಡಲ್ಲ ಕಣೇ" ಅಂದಳು ಅಕ್ಕ. "ಆ ಕಡ್ಲೆಕಾಯಿ ಅಳೀಂದು. ಅದು ಸರ್ಯಾಗಿ ಕೇಳಿಸ್ಲಿಲ್ಲ."