ತಂಗಿ ಎಲ್ಲಿತನಕ ಬಂದಳು?

ಹಾಡು ಬರೆದುಕೊಳ್ಳುವುದು ಗಂಭೀರವಾದ ಕೆಲಸ ಎಂದೇ ನಾನು ತಿಳಿದಿದ್ದೆ. ಆದರೆ ನೋಟ್‌ಬುಕ್ ಹಿಡಿದು ಹೊಸಪೇಟೆಯ ಮನೆಯ ಹೊಸ್ತಿಲು ದಾಟಿದ ದಿನದಿಂದ, ನಗೆಪಾಟಲಾಗದೆ ಮನೆಗೆ ಮರಳಿದ ವಾರವೇ ಇಲ್ಲ. ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳುವವಳು ನಾನು. ನಮ್ಮ ಸೀಮೆಯ ಬೀಸುವ ಪದಗಳನ್ನು ಯಾರೂ ಬರೆದಿಟ್ಟಿರಲಿಲ್ಲ. ಪಂಡಿತರೊಬ್ಬರನ್ನು ಕೇಳಿದರೆ, “ಅದು ಹಿಟ್ಟಿನ ಜೊತೆ ಉದುರುವ ಸದ್ದಮ್ಮ, ಸಾಹಿತ್ಯವಲ್ಲ” ಎಂದುಬಿಟ್ಟರು. ಆ ಮಾತಿನ ಸಿಟ್ಟಿಗೇ ಹೊರಟೆ.

೧. ಮುಂದೆ ಜೋಳ

ಕಂಪ್ಲಿಯಲ್ಲಿ ಒಬ್ಬ ಅಜ್ಜಿ ಇದ್ದರು. ಏಳು ಜನ ಅಣ್ಣಂದಿರ ಒಬ್ಬಳೇ ತಂಗಿ, ಸಂಡೂರಿನ ಗುಡ್ಡದಾಚೆಯಿಂದ ಪಂಚಮಿಗೆಂದು ಕಂಪ್ಲಿಯ ತವರಿಗೆ ಹೊರಡುವ ಉದ್ದನೆಯ ಹಾಡು ಅವರ ಬಾಯಲ್ಲಿತ್ತು. ಮೊದಲಿನ ನಾಲ್ಕು ಸಾಲು ಎಲ್ಲರಿಗೂ ಬರುತ್ತಿತ್ತು. ತಂಗಿ ತವರು ಮುಟ್ಟಿದಳೋ ಇಲ್ಲವೋ ಎಂಬುದು ಮಾತ್ರ ಈ ಅಜ್ಜಿಯೊಬ್ಬರಿಗೇ ಗೊತ್ತು.

“ಹಾಡ್ರಿ ಅಜ್ಜಿ” ಎಂದೆ.

“ಬರೇ ಕುಂತು ಹಾಡಿದ್ರ ಪದ ಬರೂದಿಲ್ಲವ್ವ. ಕಲ್ಲು ತಿರುಗಬೇಕು.”

ಸೇರು ಜೋಳ ತಂದುಕೊಟ್ಟೆ. ಕಲ್ಲು ತಿರುಗಿತು, ಹಾಡು ಹೊರಟಿತು. ನಾನು ಬರೆದದ್ದೇ ಬರೆದದ್ದು. ತಂಗಿ ಗಾಡಿ ಹತ್ತಿ ಗಂಡನ ಊರಿನ ಅಗಸಿಬಾಗಿಲಿಗೆ ಬಂದಳು. ಅಷ್ಟರಲ್ಲಿ ಜೋಳ ಮುಗಿಯಿತು, ಹಾಡೂ ನಿಂತಿತು.

“ಮುಂದ?” ಎಂದೆ.

“ಮುಂದ ಜ್ವಾಳ” ಎಂದರು ಅಜ್ಜಿ.

ಅಲ್ಲಿಂದ ವಾರವಾರ ಜೋಳದ ಚೀಲದೊಡನೆ ಮೋಟಾರು ಹತ್ತಿದೆ. ಮನೆಯ ಡಬ್ಬಿಗಳೆಲ್ಲ ಹಿಟ್ಟಿನಿಂದ ತುಂಬಿದವು. ವಕೀಲರಾದ ನನ್ನ ಗಂಡ, ತಟ್ಟೆಯಲ್ಲಿ ಮತ್ತೆ ರೊಟ್ಟಿ ಕಂಡು ಮೆಲ್ಲಗೆ ಕೇಳಿದರು:

“ನಿನ್ನ ತಂಗಿ ಎಲ್ಲಿತನಕ ಬಂದಳು?”

“ಹೊಸಪೇಟೆ ದಾಟಿಲ್ಲ.”

“ಜಲ್ದಿ ಬರಲಿ. ಆಕಿ ತವರು ಸೇರೂತನಕ ನನಗ ಅನ್ನ ಸಿಗೂ ಹಂಗಿಲ್ಲ.”

೨. ಉಪ್ಪಿನ ಕಾವಲು

ಆಗ ಉಪ್ಪಿನ ಸತ್ಯಾಗ್ರಹದ ಕಾಲ; ಹಾಡು ಬರೆದಿಟ್ಟುಕೊಂಡವರನ್ನು ಕಂಡರೆ ಪೊಲೀಸರಿಗೆ ಅನುಮಾನ. ಸಂಡೂರಿನಿಂದ ಬರುವಾಗ ದಾರಿಯ ಒಂದು ಚೌಕಿಯಲ್ಲಿ ಹೊಸದಾಗಿ ಬಂದ ಸಬ್‌ಇನ್‌ಸ್ಪೆಕ್ಟರು ನನ್ನ ನೋಟ್‌ಬುಕ್ ಇಸಿದುಕೊಂಡರು. ಹಾಳೆ ತಿರುವುತ್ತ ಒಂದು ಕಡೆ ಬೆರಳಿಟ್ಟು ನಿಂತರು. ತಂಗಿ ತನ್ನ ಗಂಡನ ಮನೆಯ ಕಷ್ಟ ಹೇಳಿಕೊಳ್ಳುವ ಜಾಗ ಅದು:

“ಅತ್ತಿ ಆಳಿಕಿಯಾಗ ಉಪ್ಪಿಗೂ ಕಾವಲ.”

“ಉಪ್ಪು ಅಂತ ಬರದದಲ್ಲ!” ಎಂದರು. “ಖರೇ ಹೇಳ್ರಿ, ಈ ಅತ್ತಿ ಅಂದ್ರ ಯಾರು? ಸರ್ಕಾರ ಹೌದಲ್ಲೋ?”

“ಅತ್ತಿ ಅಂದ್ರ ಅತ್ತಿನ ರೀ. ಗಂಡನ ತಾಯಿ.”

ಅವರು ನಂಬಲಿಲ್ಲ. ಬಾಗಿಲಲ್ಲಿ ನಿಂತಿದ್ದ ವಯಸ್ಸಾದ ಪೇದೆ ಕೆಮ್ಮಿ ಹೇಳಿದ: “ಸಾಹೇಬ್ರ, ಇದನ್ನ ನಮ್ಮ ಮನ್ಯಾಗೂ ದಿನಾ ಮುಂಜಾನೆ ಹಾಡ್ತಾರ್ರಿ.”

“ಮತ್ತ ಇಷ್ಟು ದಿನ ಯಾಕ ವರದಿ ಮಾಡಲಿಲ್ಲ?”

“ವರದಿ ಮಾಡಿದ್ರ ರೊಟ್ಟಿ ಯಾರು ಬಡೀತಾರ್ರಿ?”

೩. ಒಂದಕ್ಕೊಂದು

ಇದೇ ಹಾಡಿನ ಒಂದು ತುಂಡು ಮರಿಯಮ್ಮನಹಳ್ಳಿಯಲ್ಲಿ ಸಿಗುತ್ತದೆಂದು ಯಾರೋ ಹೇಳಿದರು. ಅಲ್ಲಿನ ಹೆಂಗಸರು, “ನಾವು ಒಂದು ಹೇಳಿದ್ರ ನೀವೂ ಒಂದು ಹೇಳಬೇಕ್ರಿ ಅಕ್ಕಾರ” ಎಂದು ಪಟ್ಟು ಹಿಡಿದರು. ನನಗೆ ಬರುತ್ತಿದ್ದದ್ದು ಕಾಲೇಜಿನಲ್ಲಿ ಬಾಯಿಪಾಠ ಮಾಡಿದ್ದ ಎಂಟು ಸಾಲಿನ ಒಂದು ಇಂಗ್ಲಿಷ್ ಪದ್ಯ. ಕಣ್ಣು ಮುಚ್ಚಿ ಒಪ್ಪಿಸಿದೆ. ಹೆಂಗಸರು ಮುಂದಿನ ಸಾಲಿಗೆ ಕಾಯುತ್ತ ಕೂತರು. ಆಮೇಲೆ ಒಬ್ಬಾಕೆ ಕನಿಕರದಿಂದ ಕೇಳಿದಳು:

“ಇಷ್ಟಕ್ಕ ಮುಗೀತೇನ್ರಿ? ಪಾಪ, ಅವರ ದೇಶದಾಗ ಬೀಸಾಕ ಕಾಳ ಇಲ್ಲೇನು?”

೪. ಎತ್ತಿಗೆ ನೀರು

ತಂಗಿ ಹಂಪಿ ದಾಟಿ ಕಂಪ್ಲಿಯ ಹಾದಿ ಹಿಡಿದಳು, ಇನ್ನೊಂದೆರಡು ಸೇರು ಜೋಳ ಸಾಕು ಅನ್ನುವಷ್ಟರಲ್ಲಿ ಕಂಪ್ಲಿಗೆ ಹಿಟ್ಟಿನ ಗಿರಣಿ ಬಂತು. ಅಜ್ಜಿಯ ಸೊಸೆ ಬೀಸುವ ಕಲ್ಲನ್ನು ಹಿತ್ತಲಿಗೆ ಸಾಗಿಸಿದಳು. ಅಜ್ಜಿ ಮುನಿಸಿಕೊಂಡರು, ಆಮೇಲೆ ಮಲಗಿದರು, ಆಮೇಲೆ ಏಳಲೇ ಇಲ್ಲ. “ಮಾತು ನಿಂತಾವ, ಗಂಜಿನೂ ಮುಟ್ಟವಲ್ಲಳು. ಕಡೀ ಸಲ ನೋಡಿ ಹೋಗ್ರಿ” ಎಂದು ಸೊಸೆ ಹೇಳಿಕಳಿಸಿದಳು.

ಹೋದೆ. ನೆಂಟರೆಲ್ಲ ಸುತ್ತ ಕೂತಿದ್ದರು. ಅಜ್ಜಿಯ ಕಣ್ಣು ಮುಚ್ಚಿತ್ತು. ನನಗೆ ಅಳು ಬಂತು. ಅಜ್ಜಿಗಾಗಿ ಅತ್ತೆನೋ, ತವರು ಮುಟ್ಟದೆ ಉಳಿದ ತಂಗಿಗಾಗಿ ಅತ್ತೆನೋ, ಈಗಲೂ ಹೇಳಲಾರೆ.

“ಆಕಿ ಪದಾನ ಹಾಡ್ರಿ ಅಕ್ಕಾರ, ಕಿವಿಗೆ ಬಿದ್ರ ಜೀವಕ್ಕ ಸಮಾಧಾನ” ಎಂದಳು ಸೊಸೆ.

ನನ್ನ ಕಂಠ ಎಂಥದೆಂದರೆ, ಕಾಲೇಜಿನ ಪ್ರಾರ್ಥನೆಯಲ್ಲಿ ನನಗೆ ತುಟಿ ಮಾತ್ರ ಆಡಿಸಲು ಅಪ್ಪಣೆಯಾಗಿತ್ತು. ಆದರೂ ನೋಟ್‌ಬುಕ್ ತೆರೆದು ಹಾಡಿದೆ. ಎರಡು ಹಾಳೆ ಅಂಟಿಕೊಂಡದ್ದು ಗೊತ್ತಾಗದೆ, ಹಂಪಿಯನ್ನೇ ಬಿಟ್ಟು ತಂಗಿಯ ಗಾಡಿಯನ್ನು ಹೊಸಪೇಟೆಯಿಂದ ಸೀದಾ ಕಂಪ್ಲಿಯ ಹಾದಿಗೆ ಹೊಡೆದೆ.

ಅಜ್ಜಿಯ ಹುಬ್ಬು ಅಲುಗಿತು. ಇನ್ನೆರಡು ಸಾಲಿಗೆ ಕೈ ಮೇಲೆದ್ದಿತು.

“ಲೇ! ಹಂಪ್ಯಾಗ ಎತ್ತಿಗೆ ನೀರು ಕುಡಿಸೀಯೇನು?”

ನೆಂಟರು ದಡಬಡಿಸಿ ಎದ್ದು ನಿಂತರು. ಅಜ್ಜಿಯೂ ಎದ್ದು ಕೂತರು. “ಮೂಕ ಜೀವಾನ ಒಣಬಾಯ್ಲೆ ಹೊಡಕೊಂಡು ಹೊಂಟೀಯಲ್ಲ! ಆ ರಾಗರ ಏನು, ಬಾವಿ ರಾಟಿಗೆ ಎಣ್ಣಿ ಇಲ್ಲದಂಗ!” ಎಂದು ಬೈದು, ಗಂಜಿ ತರಿಸಿ ಕುಡಿದು, ಕಲ್ಲೂ ಇಲ್ಲದೆ ಜೋಳವೂ ಇಲ್ಲದೆ ಕೊನೆಯವರೆಗೂ ಹಾಡಿದರು. ತಂಗಿ ತವರು ಮುಟ್ಟಿದಳು. ಏಳೂ ಜನ ಅತ್ತಿಗೆಯರು ಬಾಗಿಲಿಗೆ ಬಂದು ಕಾಲಿಗೆ ನೀರು ಕೊಟ್ಟರು. ನಾನು ಬರೆಯುತ್ತಲೇ ಕಣ್ಣೊರೆಸಿಕೊಂಡೆ, ಸೊಸೆಯೂ ಅತ್ತಳು.

“ಅಜ್ಜಿ, ಈಗ ಎಲ್ಲಾ ಬರಕೊಂಡೆ. ಇನ್ನ ನೀವು ಆರಾಮ ಮಲಗ್ರಿ” ಎಂದೆ.

“ಎಲ್ಲೀ ಆರಾಮ? ಈ ಪದ ನಿನ್ನ ಬಾಯಾಗ ಬಿಟ್ಟು ನಾ ಹೆಂಗ ಸಾಯ್ಲಿ? ನೀ ನೆಟ್ಟಗ ಹಾಡೂದು ಕಲಿಯೂತನಕ ನಾ ಎಲ್ಲೂ ಹೋಗಾಂಗಿಲ್ಲ.”

ಇದಾಗಿ ನಾಲ್ಕು ವರ್ಷವಾಯಿತು. ವಾರಕ್ಕೊಮ್ಮೆ ಹೋಗಿ ಪಾಠ ಹೇಳಿಸಿಕೊಳ್ಳುತ್ತೇನೆ. ಸೊಸೆ ಪಕ್ಕದಲ್ಲಿ ಕೂತು ಕೇಳಿಯೇ ಪೂರ್ತಿ ಕಲಿತಿದ್ದಾಳೆ. ಅಜ್ಜಿ ಗಟ್ಟಿಮುಟ್ಟಾಗಿದ್ದಾರೆ. ನನ್ನ ರಾಗ ಇನ್ನೂ ಸುಧಾರಿಸಿಲ್ಲ. ನಾನೂ ಅವಸರ ಮಾಡುತ್ತಿಲ್ಲ.