ಮಂಚದ ಝಾಲರಿ, ಅವ್ವನ ಮೊಣಕಾಲು

ಮನೆಯ ಅಲಂಕಾರದ ವಿಷಯದಲ್ಲಿ ಗಂಡಂದಿರ ಅಭಿಪ್ರಾಯವನ್ನು ಯಾರೂ ಕೇಳುವುದಿಲ್ಲ. ಸ್ಟೂಲು ಹಿಡಿಯಲು ಮಾತ್ರ ಕರೆಯುತ್ತಾರೆ. ಆ ಕೆಲಸವನ್ನು ನಾನು ನಿಷ್ಠೆಯಿಂದ ಮಾಡುತ್ತ ಬಂದವನು. ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಪುಟ್ಟ ಫ್ಲ್ಯಾಟಿಗೆ ಹೆಂಡತಿ ವಾರಿಜಾ ಉಲ್ಹಾಸನಗರದಿಂದ ಗುಲಾಬಿ ಬಟ್ಟೆ ತಂದು, ಮಳೆಗಾಲವಿಡೀ ಹೊಲಿದು, ಕಿಟಕಿಯ ಪರದೆಯ ಮೇಲಂಚಿಗೂ ಮಂಚದ ಸುತ್ತಲೂ ನೆರಿಗೆಯ ಝಾಲರಿ ಕಟ್ಟಿದಳು. ಕಿಟಕಿಯದು ಶೋಭೆಗೆ. ಮಂಚದ್ದು ಮರ್ಯಾದೆಗೆ; ಸೂಟ್‌ಕೇಸು, ಅಕ್ಕಿ ಡಬ್ಬ, ಕೆಟ್ಟ ಮಿಕ್ಸರು, ನಮ್ಮ ಅರ್ಧ ಸಂಸಾರ ಇರುವುದು ಮಂಚದ ಕೆಳಗೇ.

ಅಷ್ಟರಲ್ಲಿ ಗದಗಿನಿಂದ ನನ್ನ ಅವ್ವ ಮೊಣಕಾಲಿನ ಚಿಕಿತ್ಸೆಗೆ ಬಂದಳು. ಮಂಚ ನೋಡಿದವಳೇ, "ಇದಕ್ಕ ಲಂಗಾ ಯಾಕ ಉಡಿಸೀರಿ?" ಎಂದಳು. ವಾರಿಜಾ ಚಹಾ ಇಡಲು ಅಡುಗೆಮನೆಗೆ ಹೋದಳು. ಇಬ್ಬರ ನಡುವೆ ಜಗಳವೇನೂ ಇರಲಿಲ್ಲ. ಅವ್ವನ ಗದಗಿನ ಕನ್ನಡವೂ ವಾರಿಜಾಳ ಉಡುಪಿಯ ಕನ್ನಡವೂ ಸಂಕೋಚದಿಂದ ಎದುರುಬದುರು ನಿಂತಿದ್ದವು, ಅಷ್ಟೆ.

ತಗ್ಗಾದ ಮಂಚದಿಂದ ಅವ್ವನಿಗೆ ಏಳಲಾಗುತ್ತಿರಲಿಲ್ಲ. ಕಾಲುಗಳ ಕೆಳಗೆ ಇಟ್ಟಿಗೆ ಇಡೋಣ ಎಂದವಳು ವಾರಿಜಾಳೇ. ಮಂಚ ಎದ್ದಿತು, ಜೊತೆಗೆ ಝಾಲರಿಯೂ ಎದ್ದಿತು, ಸಂಸಾರ ಬಯಲಾಯಿತು. "ಇರ್ಲಿ ಮಾರಾಯ್ರೆ, ಅತ್ತೆಗೆ ಏಳ್ಲಿಕ್ಕೆ ಆಯ್ತಲ್ಲ," ಎಂದಳು. ಆದರೆ ಪಕ್ಕದ ಮನೆಯವರು ಬಂದಾಗಲೆಲ್ಲ ಮಂಚಕ್ಕೆ ಅಡ್ಡವಾಗಿಯೇ ನಿಂತು ಮಾತಾಡುತ್ತಿದ್ದಳು. ಅವ್ವ ಅದನ್ನು ಗಮನಿಸಿದಳು. "ನಾ ಬಂದು ಆಕಿ ಹೊಲದದ್ದು ಕೆಡಿಸಿದ್ನೇನೋ," ಎಂದು ನನ್ನ ಬಳಿ ಮೆಲ್ಲಗೆ ಹೇಳಿದಳು. "ಹಂಗೇನಿಲ್ಲ ಬೇ," ಎಂದು ನಾನು ಲೋಕಲ್ ಹಿಡಿಯಲು ಓಡಿದೆ.

ಒಂದು ಭಾನುವಾರ ನಾವಿಬ್ಬರೂ ಠಾಣೆಯ ಮದುವೆಯೊಂದಕ್ಕೆ ಹೋಗಿ ಬಂದಾಗ ಝಾಲರಿ ನೆಲ ಮುಟ್ಟುತ್ತಿತ್ತು. ಗುಲಾಬಿಯ ಕೆಳಗೆ ತಿಳಿನೀಲಿ ಪಟ್ಟಿ. ಅವ್ವ ಸೂಜಿ ಹಿಡಿದೇ ಕೂತಿದ್ದಳು. ವಾರಿಜಾ ರೇಷ್ಮೆ ಸೀರೆಯಲ್ಲೇ ನೆಲಕ್ಕೆ ಕೂತು ಹೊಲಿಗೆಯ ಮೇಲೆ ಬೆರಳಾಡಿಸಿದಳು.

"ಅತ್ತೆ, ಮಿಷಿನಿಗಿಂತ ಚಂದ ಉಂಟು."

"ಬಣ್ಣ ಕೂಡೂದಿಲ್ಲ ನೋಡವಾ."

"ಕೂಡ್ತದೆ."

ನಾನು ಬಗ್ಗಿ ನೋಡಿದೆ. ಪಟ್ಟಿಯಲ್ಲಿ ಗುಂಡಿಯ ತೂತುಗಳಿದ್ದವು. ಘೋಡಬಂದರ್ ರಸ್ತೆಯ ಮಾಲಿನಲ್ಲಿ ವಾರಿಜಾ ನನಗೆ ಆರಿಸಿಕೊಟ್ಟ ಹೊಸ ಅಂಗಿ. ನನ್ನ ಮುಖ ನೋಡಿ ಅವ್ವ ಗಾಬರಿಯಾದಳು. "ಹಳೇದಲ್ಲೇನೋ ಅದು?"

ನಾನು ಬಾಯಿ ತೆರೆಯುವ ಮೊದಲೇ ವಾರಿಜಾ, "ಹಳೇದೇ ಅತ್ತೆ, ಬಿಸಾಡ್ಲಿಕ್ಕೆ ಇಟ್ಟದ್ದು," ಎಂದಳು. ಹೇಳಿ, ಎದ್ದು ಮಂಚದ ಮೇಲೆ ಅವ್ವನ ಪಕ್ಕದಲ್ಲಿ ಕೂತಳು. ಅವಳು ಹಾಗೆ ಕೂತದ್ದು ಅದೇ ಮೊದಲು. ನನಗೆ ಅಂಗಿ ಹೋದದ್ದು ಮರೆತೇಹೋಯಿತು.

"ಕಿಟಕೀಗೂ ಇಂಥಾದ್ದ ಒಂದು ಪಟ್ಟಿ ಹಚ್ಚಿದ್ರ?" ಎಂದಳು ಅವ್ವ.

ಇಬ್ಬರೂ ಒಟ್ಟಿಗೆ ತಲೆಯೆತ್ತಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಮದುವೆಗೆಂದು ಹಾಕಿದ್ದ ನನ್ನ ಕೆನೆಬಣ್ಣದ ಜುಬ್ಬದ ಮೇಲೆ ಆ ನೋಟ ತುಸು ಹೆಚ್ಚೇ ಹೊತ್ತು ನಿಂತಿತು.